ಬಲ ಹೆಗಲ ಮೇಲಿನ ಕೈ

ಶಹಾಪುರ
12 ಜನವರಿ 1997

ಶೇಖಕ್ಕ, ಜೈ ಭೀಮ್.

ಇತ್ತ ಎಲ್ಲರೂ ಆರಾಮ ಎಂದು ಬರೆಯುವ ಹಾಗಿಲ್ಲ. ಅದಕ್ಕೇ ಈ ಪತ್ರ.

ಕಾಲುವೆ ದಂಡೆಯ ಶಾಲೆಯಲ್ಲಿ ನಿಮ್ಮ ತಂಡ ಸಂತಾನಹರಣದ ಕ್ಯಾಂಪು ನಡೆಸಿತಲ್ಲ, ಅಲ್ಲಿಂದ ನಮ್ಮ ಸುಂದ್ರಮ್ಮ ಅತ್ತಿಗೆಯನ್ನು ಉಳಿದವರ ಜೊತೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಹೊಟ್ಟೆಯ ಗಾಯ ಕಡಲೆಕಾಳಿನಷ್ಟು. ಅದು ನೋಯುವುದೇ ಇಲ್ಲ ಅನ್ನುತ್ತಾಳೆ. ಆದರೆ ಚಾಪೆಯ ಮೇಲೆ ಕೂತವಳು ನನ್ನನ್ನು ಕರೆದು, "ದೇವಕಿ, ನನ್ನ ಹಿಂದ ಯಾರ ನಿಂತಾರ ನೋಡ" ಅಂದಳು. ಹಿಂದೆ ಗೋಡೆ ಇತ್ತು. "ಬಲಗಡಿ ಹೆಗಲ ಮ್ಯಾಲ ಕೈ ಇಟ್ಟಾರ. ತಣ್ಣಗೈತಿ" ಅಂದಳು.

ಭ್ರಮೆ ಎಂದುಕೊಂಡು ಉಪ್ಪಿನ ಶಾಖ ಕೊಟ್ಟೆ. ಮರುದಿನ ಉಳಿದವರ ಮನೆಗಳಿಗೆ ಹೋದೆ. ಮೇಲಿನ ಓಣಿಯ ಅನ್ನಮ್ಮ ನಮ್ಮ ಮನೆಯ ನೀರು ಮುಟ್ಟುವವಳಲ್ಲ, ಅತ್ತಿಗೆಯ ಜೊತೆ ಜನ್ಮದಲ್ಲಿ ಮಾತಾಡಿದವಳಲ್ಲ. ಅವಳೂ ಅದನ್ನೇ ಹೇಳಿದಳು: ತಣ್ಣನೆಯ ಕೈ, ಬಲ ಹೆಗಲು, ಹಿಂದಿನಿಂದ. ಅವಳ ಪಕ್ಕದ ಮನೆಯವಳೂ ಹಾಗೆಯೇ ಅಂದಳು.

ನನಗೆ ದೆವ್ವ ಬೇಡ, ಕಾರಣ ಬೇಕು. ಗುಲ್ಬರ್ಗಾದ ಸಭೆಯಲ್ಲಿ ಸಿಕ್ಕ ಒಂದು ಕಿರುಹೊತ್ತಿಗೆ ನನ್ನ ಹತ್ತಿರ ಇದೆ, ಓದಿ ಓದಿ ಅಂಚು ಹರಿದಿದೆ. ಅದರ ಪ್ರಕಾರ, ಒಳಗೆ ನೋಡಲು ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಿದಾಗ ಆ ಒತ್ತಡ ರಕ್ತನಾಳಗಳನ್ನು ಅದುಮುತ್ತದೆ, ಕರುಳಿಗೆ ರಕ್ತ ಸಾಲದೆ ಬಣ್ಣ ಕೆಡುತ್ತದೆ. ಆಮೇಲೆ ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಹಸಿದ ಜಾಗಕ್ಕೆ ರಕ್ತ ನುಗ್ಗಿ, ಆ ನುಗ್ಗುವಿಕೆಯೇ ಇನ್ನೊಂದು ಗಾಯ ಮಾಡುತ್ತದೆ. ಕಡಿಮೆ ತುಂಬಬೇಕು, ನಿಧಾನ ತುಂಬಬೇಕು, ನಿಧಾನ ಬಿಡಬೇಕು. ನಿಮ್ಮ ಯಂತ್ರದಲ್ಲಿ ಒತ್ತಡ ತೋರಿಸುವ ಮುಳ್ಳು ಎಷ್ಟಕ್ಕೆ ಹೋಗಿತ್ತು ಅಕ್ಕ? ನರ್ಸಾಗಿ ನೀನು ಟೇಬಲ್ಲಿನ ಪಕ್ಕದಲ್ಲೇ ನಿಂತಿದ್ದೆ. ಕಿಟಕಿಯಿಂದ ಕಣ್ಣಿಗೆ ಕಣ್ಣು ಸಿಕ್ಕಾಗ ಮುಖ ತಿರುಗಿಸಿದ್ದು ಯಾಕೆ? ಈ ದೇಶದಲ್ಲಿ ಬಡ ಹೆಣ್ಣಿನ ಹೊಟ್ಟೆ ಎಂದರೆ ವರದಿಯಲ್ಲಿ ಮುಟ್ಟಿಸಬೇಕಾದ ಗುರಿ. ಆದರೆ ನೀನು ನನ್ನ ದೊಡ್ಡವ್ವನ ಮಗಳು.

ಮರೆತಿದ್ದೆ. ಆ ದಿನ ನಿಮ್ಮ ಕಂಪೌಂಡರ್ ಜೀಪಿನ ಗಾಲಿ ಇಳಿದಿದೆ ಎಂದು ಅಪ್ಪನ ಸೈಕಲ್ ಅಂಗಡಿಯಿಂದ ಪಂಪು ಒಯ್ದಿದ್ದ. ಸಂಜೆ ತಿರುಗಿ ಬಂದಾಗ ಅದಕ್ಕೆ ಡೆಟಾಲಿನ ವಾಸನೆ. ಅಪ್ಪ, "ಸರಕಾರದವರು ಭಾಳ ಸ್ವಚ್ಛ ಅದಾರವ್ವಾ" ಎಂದು ನಕ್ಕ.

ನಿನ್ನ
ದೇವಕಿ


ಯಾದಗಿರಿ
20 ಜನವರಿ 1997

ತಂಗಿ ದೇವಕಿಗೆ ಶೇಖಮ್ಮನ ಆಶೀರ್ವಾದ.

ನೀನು ಹೆದರಬೇಡ, ಬೇರೆಯವರನ್ನೂ ಹೆದರಿಸಬೇಡ. ಹೊಟ್ಟೆ ಉಬ್ಬಿಸಿದಾಗ ಎದೆಗೂ ಹೊಟ್ಟೆಗೂ ನಡುವಿನ ಉಸಿರಿನ ಪರದೆ ಮೇಲಕ್ಕೆ ಎಳೆದಂತಾಗುತ್ತದೆ. ಆ ಪರದೆಯ ನರವೂ ಹೆಗಲಿನ ನರವೂ ಕುತ್ತಿಗೆಯಲ್ಲಿ ಒಂದೇ ಬುಡದಿಂದ ಬರುತ್ತವೆ. ಕೆಳಗೆ ಆದದ್ದು ಮೇಲೆ ತಿಳಿಯುತ್ತದೆ. ಇದು ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟ ಪಾಠ, ಎಲ್ಲ ಊರುಗಳಲ್ಲೂ ಹೆಂಗಸರು ಹೆಗಲು ಅನ್ನುತ್ತಾರೆ. ಕೆಲವು ದಿನ ಇದ್ದು ಹೋಗುತ್ತದೆ.

ಸುಂದ್ರಮ್ಮನಿಗೆ ಜ್ವರ ಬಂದರೆ, ಹೊಟ್ಟೆ ಕಲ್ಲಿನಂತೆ ಆದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಇಲ್ಲದಿದ್ದರೆ ಗಂಜಿ, ವಿಶ್ರಾಂತಿ ಸಾಕು.

ಕ್ಯಾಂಪಿನ ದಿನ ಬಹಳ ಮಂದಿ ಇದ್ದರು, ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮುಖ ತಿರುಗಿಸಿದ್ದು ನೆನಪಿಲ್ಲ.

ಚಂದ್ರಾಮಪ್ಪ ಕಾಕಾನ ಕಣ್ಣು ಹೇಗಿದೆ? ಆ ಪಂಪನ್ನು ಸ್ವಲ್ಪ ದಿನ ಬಳಸುವುದು ಬೇಡ ಎಂದು ಹೇಳು.

ಶೇಖಮ್ಮ


ಶಹಾಪುರ
9 ಫೆಬ್ರವರಿ 1997

ಅಕ್ಕ,

ನಾನು ಕೇಳಿದ್ದು ಮುಳ್ಳಿನ ಸುದ್ದಿ. ನೀನು ಬರೆದದ್ದು ನರದ ಪಾಠ. ಪಾಠ ಸರಿಯಿರಬಹುದು. ಅನ್ನಮ್ಮನ ಹೆಗಲ ಮೇಲಿನ ಕೈ ಹೋಯಿತು, ಉಳಿದವರದೂ ಹೋಯಿತು. ಅತ್ತಿಗೆಯದು ಹೋಗಿಲ್ಲ.

ಗುಲ್ಬರ್ಗಾಕ್ಕೆ ಒಯ್ದೆವು. ಪರೀಕ್ಷೆ ಮಾಡಿ, ಏನೂ ಇಲ್ಲ, ಮನಸ್ಸಿನದು ಎಂದು ಕಳಿಸಿದರು. ಮಗಳನ್ನು ಎಡಗಡೆಯೇ ಎತ್ತಿಕೊಳ್ಳುತ್ತಾಳೆ. ಬಲ ಹೆಗಲ ಮೇಲೆ ಸೆರಗು ಕೂಡ ಹಾಕುವುದಿಲ್ಲ. ಕೇಳಿದರೆ, "ಅಲ್ಲಿ ಜಾಗ ಇಲ್ಲ" ಅನ್ನುತ್ತಾಳೆ. ಮುಂಜಾನೆ ಎದ್ದಾಗ ಕುಪ್ಪಸದ ಆ ಭಾಗ ಮಾತ್ರ ಒದ್ದೆ. ಚಳಿಗಾಲದಲ್ಲಿ ಒಂದೇ ಹೆಗಲು ಬೆವರುವುದನ್ನು ನಿನ್ನ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೋ? ನಾನು ಮೂಸಿ ನೋಡಿದೆ. ಬೆವರಿನ ವಾಸನೆಯಲ್ಲ. ಹೊಸ ಕಾಲುವೆಯ ನೀರಿಗೆ ಒಂದು ಕೆಸರಿನ ವಾಸನೆ ಇರುತ್ತದಲ್ಲ, ಅದು.

ಶಾಲೆಯ ಹಿಂದಿನ ಮರಿಗಾಲುವೆಗೆ ಮೊದಲ ಸಲ ನೀರು ಬಂದದ್ದು ಕ್ಯಾಂಪಿನ ವಾರದಲ್ಲೇ. ಓಣಿಯ ಹೆಂಗಸರು ದಂಡೆಗೆ ಹೋಗಿ ಗಂಗವ್ವನಿಗೆ ಉಡಿ ತುಂಬಿದರು. ಅಕ್ಕಿ, ಕುಪ್ಪಸದ ಬಟ್ಟೆ, ಅರಿಸಿನ ಕೊಂಬು. ಕ್ಯಾಂಪಿಗೆ ಹೋದವರು ಮಾತ್ರ ಹೋಗಲಿಲ್ಲ. ಈಗ ಉಡಿ ತುಂಬಿಸುವ ಮುದುಕಮ್ಮ ನಮ್ಮ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಿದ್ದಾಳೆ: "ತುಂಬಿದ ಉಡಿ ಅಲ್ಲೇ ಝಾಡಿಸ್ತಾರೇನವ್ವಾ ಯಾರಾರ? ಗಂಟ ಕಟ್ಕೊಂಡು ಮನಿಗಿ ಒಯ್ದು, ಕುಂತು ಸಾವಕಾಶ ಬಿಚ್ಚಬೇಕು. ಈ ಕ್ಯಾಂಪಿನವರು ಹೊಟ್ಟಿ ತುಂಬಿದ್ರು, ಅಲ್ಲೇ ಝಾಡಿಸಿ ಬಿಟ್ರು. ಕೊಟ್ಟಾಕಿ ಗಂಗವ್ವ ಕೈ ಹಿಡೀಲಾರದ ಬಿಡ್ತಾಳೇನು?"

ನಾನು ನಕ್ಕೆ. ನಾವು ಇಂಥದ್ದನ್ನೆಲ್ಲ ಬಿಟ್ಟು ಬುದ್ಧನ ದಾರಿಗೆ ಬಂದವರು ಎಂದೆ. "ಬಿಟ್ಟಿ ಅಂದ್ರ ಹೋಗ್ತದೇನ ಅದು?" ಎಂದು ಅವಳೂ ನಕ್ಕಳು.

ಮುಂದಿನ ಕ್ಯಾಂಪು ಏಪ್ರಿಲ್‌ನಲ್ಲಿ, ಅದೇ ಶಾಲೆಯಲ್ಲಂತೆ. ಪಕ್ಕದ ಮನೆಯ ಗೌಹರಬೇಗಂ ಹೆಸರು ಬರೆಸಿದ್ದಾಳೆ. ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆ, ಐದನೆಯ ಹೆರಿಗೆಯನ್ನು ಅವಳು ತಾಳಳು. ಆಪರೇಷನ್ ಬೇಡ ಎನ್ನಲಾರೆ, ನಿಮ್ಮ ಆಪರೇಷನ್ ಬೇಕು ಎನ್ನಲಾರೆ. ಬಲೂನಿನ ಹಾಗೆ ಉಬ್ಬಿಸಿದರೆ ಅವಳು ಟೇಬಲ್ಲಿನ ಮೇಲೇ ಹೋಗುತ್ತಾಳೆ.

ಇಷ್ಟು ಮಂದಿಯ ಹೊಟ್ಟೆ ಉಬ್ಬಿಸಿದವಳು ನೀನು. ನಿನ್ನ ಹೊಟ್ಟೆ ಕೊಡುತ್ತೀಯಾ?

ದೇವಕಿ


ಯಾದಗಿರಿ
22 ಫೆಬ್ರವರಿ 1997

ದೇವಕಿ,

ಓದಿ ಹರಿದು ಹಾಕು.

ಅನಿಲದ ಸಿಲಿಂಡರ್ ಮಧ್ಯಾಹ್ನದೊಳಗೆ ಮುಗಿಯಿತು. ಹೆಂಗಸರು ಸಾಲಾಗಿ ಮಲಗಿದ್ದರು, ಅರ್ಧ ಮಂಪರು ಬಂದಿತ್ತು. ತಿರುಗಿ ಕಳಿಸುವುದು ಬೇಡ ಎಂದರು ದೊಡ್ಡ ಡಾಕ್ಟರು. ಜೀಪಿನ ಗಾಲಿ ಇಳಿದಿರಲಿಲ್ಲ. ಕಾಕಾನ ಪಂಪು ಬಂದದ್ದು ಟೇಬಲ್ಲಿಗೆ.

ಪಂಪಿಗೆ ಮುಳ್ಳಿಲ್ಲ. ಅಂಗೈಯಿಂದ ಹೊಟ್ಟೆ ಬಡಿದು ನೋಡಿ, ಸಾಕು ಅನಿಸಿದಾಗ ನಿಲ್ಲಿಸುವುದು. ಸುಂದ್ರಮ್ಮನ ಪಾಳಿ ಕೊನೆಗೆ ಬಂದಿತ್ತು. ಹೊರಗೆ ಟ್ರ್ಯಾಕ್ಟರ್ ಹಾರನ್ ಹೊಡೆಯುತ್ತಿತ್ತು. ಕೆಲಸ ಮುಗಿದ ಮೇಲೆ ನಳಿಕೆಯ ಬಾಯಿ ಪೂರ್ತಿ ತೆರೆದು, ಎರಡೂ ಅಂಗೈಯಿಂದ ಹೊಟ್ಟೆ ಅದುಮಿ ಒಂದೇ ಸಲಕ್ಕೆ ಬಿಟ್ಟೆವು. ಅದುಮಿದವಳು ನಾನು. ಸಿಲಿಂಡರಿನ ಅನಿಲವಾದರೆ ಮೈಯಲ್ಲಿ ಬೇಗ ಕರಗುತ್ತದೆ, ಬರೀ ಗಾಳಿ ಉಳಿದರೆ ಕರಗಲು ಬಹಳ ದಿನ ಹಿಡಿಯುತ್ತದೆ. ಅವಳಿಗೆ ಹೋಗದಿರುವುದು ಅದಕ್ಕೇ ಇರಬಹುದು.

ಇರಬಹುದು ಎಂದೆ. ನಾನು ಕಂಡದ್ದನ್ನೂ ಹೇಳುತ್ತೇನೆ. ಅದುಮುವ ಮೊದಲು, ಇನ್ನೂ ಉಬ್ಬಿದ್ದಾಗ, ಹಸಿರು ಬಟ್ಟೆ ಸರಿಸಿ ಅವಳ ನಾಡಿ ನೋಡಲು ಬಗ್ಗಿದೆ. ಬಲ ಹೆಗಲ ಮೇಲೆ ಕುಪ್ಪಸ ಒದ್ದೆಯಾಗಿತ್ತು. ಬೆವರು ಎಂದುಕೊಂಡೆ. ಬೆವರಿಗೆ ಬೆರಳುಗಳಿರುವುದಿಲ್ಲ. ಅರಳೆಯಿಂದ ಒರೆಸಿದೆ, ಮತ್ತೆ ಮೂಡಿತು. ನಾನು ಮುಖ ತಿರುಗಿಸಿದ್ದು ಆಗ. ಕಿಟಕಿಯಲ್ಲಿ ನೀನಿದ್ದೆ.

ಸ್ವಲ್ಪ ದಿನ ಪತ್ರ ಬೇಡ.

ಶೇ.


ಶಹಾಪುರ
2 ಮಾರ್ಚ್ 1997

ಅಕ್ಕ,

ಪತ್ರ ಬೇಡ ಎಂದು ಬರೆಸಿದವರು ಯಾರು? ನಿನ್ನ ದೊಡ್ಡ ಡಾಕ್ಟರೋ? ನಿಜ ಹೇಳಿದ ಉಸಿರಿನಲ್ಲೇ ಒದ್ದೆ ಬೆರಳಿನ ಕಥೆ ಕಟ್ಟಿದ್ದೀಯ. ಕಥೆ ಕೇಳಿ ನಾನು ಮುಳ್ಳನ್ನು ಮರೆಯಲೆಂದೋ?

ಅಪ್ಪನಿಗೆ ಎಲ್ಲ ಹೇಳಿದೆ. ಅವನು ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸೈಕಲ್ಲಿನ ಟ್ಯೂಬಿಗೂ ಬಿಸಿಲು ನೋಡಿ, ರಬ್ಬರು ಹಳೆಯದೋ ಹೊಸದೋ ನೋಡಿ ತುಂಬುತ್ತೇನೆ ಎಂದ. ಆಮೇಲೆ, "ಇದನ್ನ ಮನ್ಯಾಗ ಇಡಬ್ಯಾಡ" ಎಂದ. ನಾನೇ ಒಯ್ದು ಶಾಲೆಯ ಹಿಂದೆ ಕಾಲುವೆಗೆ ಎಸೆದೆ.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಎಸೆದ ಜಾಗದಲ್ಲಿ ಗುಳ್ಳೆ ಬಂದವು. ಕಬ್ಬಿಣದ ಕೊಳವೆ, ಒಳಗೆ ಗಾಳಿ ಇರುತ್ತದೆ, ಬರಲಿ. ಮರುದಿನ ಹೋದಾಗಲೂ ಬರುತ್ತಿದ್ದವು. ಇವತ್ತೂ ಬರುತ್ತಿವೆ. ಒಂದು ಬಂದು, ಒಡೆದು, ಸ್ವಲ್ಪ ತಡೆದು ಇನ್ನೊಂದು. ಯಾರೋ ಕೆಳಗೆ ಕೂತು ಮಲಗಿದವರ ಉಸಿರಿನ ತಾಳದಲ್ಲಿ ಒತ್ತುತ್ತಿರುವ ಹಾಗೆ. ಕೆಸರಿನ ಅನಿಲ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಅತ್ತಿಗೆ ದಂಡೆಯ ಮೇಲೆ ಕೂತು ಅದನ್ನೇ ನೋಡುತ್ತಾಳೆ.

ನಾನು ಕರಪತ್ರ ಬರೆಯುತ್ತಿದ್ದೇನೆ. ಹೆಸರು ಹಾಕುತ್ತೇನೆ.

ದೇವಕಿ


ಶಹಾಪುರ
18 ಮಾರ್ಚ್ 1997

ಶೇಖಮ್ಮನವರಿಗೆ,

ಯಾದಗಿರಿಯಿಂದ ಬಂದ ಪರಮಣ್ಣ ಮಾಸ್ತರರು ನೀವು ರಜೆಯಲ್ಲಿದ್ದೀರಿ ಎಂದರು. ಮನೆಗೆ ಬೀಗವಂತೆ. ಏಪ್ರಿಲ್ ಕ್ಯಾಂಪಿನಿಂದ ತಪ್ಪಿಸಿಕೊಳ್ಳುವ ಜಾಣತನ ತಿಳಿಯಿತು. ಗೌಹರಬೇಗಂ ನಿನ್ನೆ ಕೇಳಿದಳು: "ನಿಮ್ಮಕ್ಕ ಅಲ್ಲೇ ಇರ್ತಾಳಲ್ಲ ದೇವಕಿ? ಆಕಿ ಇದ್ರ ನನಗ ಧೈರ್ಯ."

ಕರಪತ್ರದಲ್ಲಿ ಮೊದಲ ಹೆಸರು ನಿಮ್ಮದೇ.

ದೇವಕಮ್ಮ, ಚಂದ್ರಾಮಪ್ಪನ ಮಗಳು


ಸುರಪುರ
25 ಮಾರ್ಚ್ 1997

ದೇವಕಿ,

ನೀನು 'ನೀವು' ಎಂದು ಬರೆದ ಪತ್ರವನ್ನು ಮಾಮ ಯಾದಗಿರಿಯಿಂದ ತಂದುಕೊಟ್ಟ, ಸುರಪುರದ ಅವನ ಮನೆಯಲ್ಲೇ ಇದ್ದೇನೆ. ಮಲಗಿಕೊಂಡೇ ಓದಿದೆ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಬೈಯಬೇಡ.

ನಿನ್ನ ಕಿರುಹೊತ್ತಿಗೆಯ ಮಾತನ್ನು ದೊಡ್ಡ ಡಾಕ್ಟರ ಮುಂದೆ ಇಟ್ಟೆ. ಸಿಲಿಂಡರ್ ಇಲ್ಲದೆ ಕ್ಯಾಂಪು ಬೇಡ, ಮುಳ್ಳು ಹದಿನೈದಕ್ಕೆ ಹೋಗುವುದು ಬೇಡ, ಹತ್ತರೊಳಗೇ ಇರಲಿ, ನಿಧಾನ ಬಿಡೋಣ ಎಂದೆ. ಅವರು ಕೆಟ್ಟವರಲ್ಲ, ದಣಿದವರು. "ಹತ್ತರಾಗ ಒಳಗ ಏನ ಕಾಣಸ್ತದ ಸಿಸ್ಟರ್? ನಿಮ್ಮ ಹೊಟ್ಟಿ ಕೊಡ್ತೀರೇನ?" ಎಂದು ನಕ್ಕರು. ನೀನು ಬರೆದ ಅದೇ ಮಾತು. ಇಬ್ಬರು ಬೇರೆ ಬೇರೆ ಊರಿನಲ್ಲಿ ಒಂದೇ ಮಾತಾಡಿದಾಗ ಅದನ್ನು ತಳ್ಳಬಾರದು ಅನಿಸಿತು. "ಕೊಡ್ತೀನ್ರಿ" ಎಂದೆ. ಎರಡು ಮಕ್ಕಳಾಗಿವೆ, ಹೇಗೂ ಮಾಡಿಸಿಕೊಳ್ಳಬೇಕಿತ್ತು. ಇಲ್ಲಿನ ಕ್ಯಾಂಪಿನಲ್ಲಿ ಕೊನೆಯವಳಾಗಿ ಮಲಗಿದೆ. ನಿನಗೆ ಹೇಳಿದರೆ ಓಡಿ ಬಂದು ತಡೆಯುತ್ತಿದ್ದೆ ಎಂದು ಹೇಳಲಿಲ್ಲ.

ಹೊಕ್ಕುಳ ಹತ್ತಿರ ಮಾತ್ರ ಜೋಮು, ತಲೆ ಎಚ್ಚರ. ಮುಳ್ಳನ್ನು ನಾನೇ ನೋಡುತ್ತಿದ್ದೆ. ನಿಧಾನ ಏರಿತು. ಒಳಗೆ ನೀರು ಏರಿದಂತೆ ಅನಿಸುತ್ತದೆ ದೇವಕಿ, ಹೊಸ ಕಾಲುವೆಗೆ ನೀರು ಬಂದಾಗ ಮೊದಲು ತಳದ ಬಿರುಕುಗಳು ತುಂಬುತ್ತವಲ್ಲ, ಹಾಗೆ. ಎಂಟಕ್ಕೆ ಬಂದಾಗ ಯಾರೋ ತಲೆಯ ಹಿಂದೆ ಬಂದು ನಿಂತರು. ಅಲ್ಲಿ ಯಾರೂ ಇರುವುದಿಲ್ಲ, ಅದು ನನ್ನ ಜಾಗ. ಹೆಗಲ ಮೇಲೆ ಹೆಬ್ಬೆರಳು ಬಂತು, ಆಮೇಲೆ ಒಂದೊಂದಾಗಿ ಉಳಿದವು. ತಣ್ಣಗೆ, ಒದ್ದೆಯಾಗಿ. ನರದ ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಪಾಠ ಸರಿಯಾಗಿಯೇ ಇತ್ತು, ಕೈಯೂ ಇತ್ತು. ಅದು ಹಿಡಿಯಲಿಲ್ಲ, ಅದುಮಲಿಲ್ಲ. ಮಗುವಿನ ಉಡಿದಾರ ಬಿಗಿಯಾಯಿತೋ ಎಂದು ನೋಡುವವರ ಹಾಗೆ ಸುಮ್ಮನೆ ಮುಟ್ಟಿಕೊಂಡು ನಿಂತಿತ್ತು.

ಡಾಕ್ಟರು ಒಳಗೆ ನೋಡುವ ಕನ್ನಡಿಕೊಳವೆಗೆ ಕಣ್ಣಿಟ್ಟು ಅದನ್ನು ಅತ್ತಿತ್ತ ತಿರುಗಿಸಿದರು. ಆಮೇಲೆ, "ಕಾಣಸ್ತದ. ಕರುಳಿನ ಬಣ್ಣ ಕೆಟ್ಟೇ ಇಲ್ಲ" ಎಂದರು, ಯಾರಿಗೋ ತಪ್ಪೊಪ್ಪುವ ದನಿಯಲ್ಲಿ. ಕೆಲಸ ಮುಗಿದ ಮೇಲೆ ಅದುಮಲು ಬಿಡಲಿಲ್ಲ ನಾನು. ನಳಿಕೆ ಚೂರು ತೆರೆಯುವುದು, ನಿಲ್ಲಿಸುವುದು, ಮತ್ತೆ ಚೂರು. ಕೊನೆಗೆ ಉಸಿರು ಎಳೆದು ಬಿಟ್ಟು ಉಳಿದದ್ದನ್ನೂ ನಾನೇ ಹೊರಗೆ ಹಾಕಿದೆ. ಪ್ರತಿ ಸಲ ಒಂದು ಬೆರಳು ಎದ್ದಿತು. ಎಲ್ಲಕ್ಕಿಂತ ಕೊನೆಗೆ ಕಿರುಬೆರಳು.

ಶಹಾಪುರದಲ್ಲಿ ಹೀಗೇ ಮಾಡಲು ಡಾಕ್ಟರು ಒಪ್ಪಿದ್ದಾರೆ. ಸಿಲಿಂಡರ್ ಬರುತ್ತದೆ, ಮಂದಿ ಅರ್ಧಕ್ಕೆ ಇಳಿಯುತ್ತಾರೆ, ಗೌಹರಳ ಎದೆ ಪರೀಕ್ಷೆ ಮೊದಲೇ ಆಗುತ್ತದೆ. ಅವರಿಗೆ ಅಂಜಿಕೆ ಇರುವುದು ಹೊರಗಿನವರದು. ಹಾರನ್, ಗಂಡಂದಿರು, ಮೇಲಿನ ಅಧಿಕಾರಿ, ಎಲ್ಲರಿಗೂ ಅವಸರ. ಅವಸರ ಮಾಡುವವರನ್ನು ತಡೆಯಬಲ್ಲವರು ಮಲಗುವ ಹೆಂಗಸರೇ. ನಿನ್ನ ಕರಪತ್ರದ ರಕ್ತನಾಳ ಅವರ ತಲೆಗೆ ಹತ್ತುವುದಿಲ್ಲ. ಮುದುಕಮ್ಮ ಹೇಳಿದ್ದು ಹತ್ತುತ್ತದೆ. ಅದನ್ನು ಬರೆ. ನಿನಗೆ ಕಷ್ಟವೆಂದು ಗೊತ್ತು. ನನ್ನ ಹೆಸರನ್ನು ಮೊದಲೇ ಹಾಕು, ಅದುಮಿದವಳು ಎಂದೇ ಹಾಕು.

ನಿನ್ನ ಅಕ್ಕ
ಶೇಖಮ್ಮ


ಶಹಾಪುರ
15 ಏಪ್ರಿಲ್ 1997

ಅಕ್ಕ,

ನಿನ್ನ ಪತ್ರ ಓದಿ ಅಳಲಿಲ್ಲ ಎಂದು ಬರೆಯುತ್ತೇನೆ, ನೀನು ನಂಬುವುದಿಲ್ಲ. ಕ್ಯಾಂಪಿನ ದಿನ ನೀನು ಒಂದು ಕೈ ಹೊಟ್ಟೆಗೆ ಹಿಡಿದುಕೊಂಡು ಜೀಪಿನಿಂದ ಇಳಿದಾಗ ನಿನ್ನ ಚೀಲ ಮಾತ್ರ ಇಸಿದುಕೊಂಡೆ. ಉಳಿದದ್ದನ್ನು ಈಗ ಬರೆಯುತ್ತೇನೆ.

ಕರಪತ್ರದಲ್ಲಿ ನಿನ್ನ ಹೆಸರು ಹಾಕಲಿಲ್ಲ. ಮುದುಕಮ್ಮನ ಮಾತನ್ನು ಬರೆದು ಹೊಡೆದು, ಬರೆದು ಹೊಡೆದು, ಕೊನೆಗೆ ಉಳಿಸಿಕೊಂಡೆ: 'ತುಂಬಿದ ಉಡಿಯನ್ನು ಅಲ್ಲೇ ಝಾಡಿಸಲು ಬಿಡಬೇಡಿರಿ. ಸಾವಕಾಶ ಬಿಚ್ಚಿ ಎಂದು ಕೇಳುವುದು ನಿಮ್ಮ ಹಕ್ಕು.' ಓದಿ ನೋಡಿದ ಗೆಳೆಯರು ನಕ್ಕರು. ದೇವಕಿ ಮುದುಕಮ್ಮನ ಶಿಷ್ಯೆ ಆದಳು ಎಂದರು. ಆಗಲಿ. ಹಕ್ಕು ಎಂಬ ಮಾತು ನನ್ನದು, ಉಡಿ ಅವಳದು.

ನೀನು ಒಳಗಿದ್ದೆ, ಬಾಗಿಲಲ್ಲಿ ಆದದ್ದು ನಿನಗೆ ಗೊತ್ತಿಲ್ಲ. ಟ್ರ್ಯಾಕ್ಟರಿನವನು ಹಾರನ್ ಒತ್ತಿದಾಗ ಮುದುಕಮ್ಮ ಹೊಸ್ತಿಲಿಗೆ ಅಡ್ಡ ಕೂತಳು. "ಏ ತಮ್ಮಾ, ನಿಮ್ಮವ್ವ ನಿನ್ನ ಹಡಿಯೂವಾಗ ಹಿಂಗ ಯಾರಾರ ಭೋಂಗಾ ಊದಿದ್ರೇನು?" ಎಂದಳು. ಅವನು ಇಳಿದು ಹೋಗಿ ಬೇವಿನ ನೆರಳಿನಲ್ಲಿ ಮಲಗಿದ. ಗೌಹರಬೇಗಂ ಒಳಗೆ ಹೋಗುವ ಮೊದಲು ಅವಳ ಮುಂದೆ ಸೆರಗು ಒಡ್ಡಿ, "ನನಗೂ ಗಂಟ ಹಾಕ್ರಿ, ನಮ್ಮವರು ಏನರ ಅನ್ಲಿ" ಎಂದಳು. ಈಗ ಆರಾಮ ಇದ್ದಾಳೆ, ಉಸಿರು ಮೊದಲಿನಷ್ಟೇ. ಕೈ ಬಂದಿತ್ತಂತೆ. ಹೊತ್ತು ಇಳಿಯುವುದರೊಳಗೆ ಹೋಯಿತಂತೆ. "ಹೋಗೂವಾಗ ಬೆರಳ ಎಣಿಸಿದಂಗ ಆತು" ಅಂದಳು. ನಾನು ಯಾರಿಗೂ ಹೇಳಿರಲಿಲ್ಲ ಅಕ್ಕ. ನೀನು ಹೇಳಿದ್ದೆಯಾ?

ಈಗ ಅತ್ತಿಗೆಯ ಸುದ್ದಿ.

ಕ್ಯಾಂಪು ಮುಗಿದ ವಾರಕ್ಕೆ ಕಾಲುವೆ ಬಂದ್ ಮಾಡಿದರು. ದೊಡ್ಡ ಕಾಲುವೆಯಲ್ಲಿ ಪ್ರತಿ ಬೇಸಿಗೆಗೆ ಮಾಡುವುದೇ, ಆದರೆ ಈ ಸಲ ಮೇಲಿನ ಗೇಟನ್ನು ಒಮ್ಮೆಲೇ ಇಳಿಸಿಬಿಟ್ಟರು. ಸಂಜೆಯೊಳಗೆ ನೀರು ಮೊಣಕಾಲಿಗೆ ಬಂತು. ಆತುಕೊಂಡಿದ್ದ ನೀರು ಹೋದೊಡನೆ ಒದ್ದೆ ದಂಡೆ ನಿಲ್ಲಲಾರದೆ ಶಾಲೆಯ ಹಿಂದೆ ಕುಸಿಯಿತು. ನಿನ್ನ ಟೇಬಲ್ಲಿನ ಪಾಠವನ್ನೇ ಮಣ್ಣಿನಲ್ಲಿ ಕಂಡೆ. ಅದೇ ಸಂಜೆ ಅತ್ತಿಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ದೇವಕಿ, ಹಗರಾತು" ಅಂದಳು. ಆಮೇಲೆ ಹೆಗಲ ತುದಿ ಮುಟ್ಟಿಕೊಂಡು, "ಇಲ್ಲಿ ಇಷ್ಟ ಉಳದೈತಿ. ಕಿರಿಬೆರಳಷ್ಟು" ಅಂದಳು.

ಮುಂಜಾನೆ ದಂಡೆಗೆ ಓಡಿದೆ. ಕುಸಿದ ಜಾಗದ ಮೇಲಿನಿಂದ ಕೆಳಗೆ ಉದ್ದ ಗೆರೆಗಳು. ನೀರು ಹರಿದ ಗೆರೆ ಎಂದುಕೊಂಡು ಎಣಿಸಿ ನೋಡಿದೆ. ನಾಲ್ಕೇ ಇದ್ದವು. ನಡುವೆ ನಿಂತ ಮಡುವಿನಲ್ಲಿ ಗುಳ್ಳೆ ಇನ್ನೂ ಬರುತ್ತಿತ್ತು.

ಆ ಮಡುವನ್ನು ಹಳ್ಳಕ್ಕೆ ಬಿಡುವ ಸಣ್ಣ ಗೇಟು ನೀರಗಂಟಿ ಮರಿಲಿಂಗಪ್ಪನ ಕೈಯಲ್ಲಿದೆ. ಸಾವಕಾಶ ಎತ್ತು ಎಂದು ಕೇಳಲು ಹೋದೆ. "ಏನವ್ವಾ, ಕಾಲುವಿಗೂ ಆಪರೇಷನ್ ಮಾಡಸ್ತೀಯೇನು?" ಎಂದು ನಕ್ಕ. ನಾನು ನಗಲಿಲ್ಲ. ನನ್ನ ಮುಖ ನೋಡಿ ಅವನೂ ನಿಲ್ಲಿಸಿದ. ನಿನ್ನೆ ಭೀಮ ಜಯಂತಿಯ ಮೆರವಣಿಗೆ ಬಿಟ್ಟು ನಾನು ಅಲ್ಲಿದ್ದೆ. ಚೂರು ಎತ್ತಿದ, ನಿಲ್ಲಿಸಿದ, ಮತ್ತೆ ಚೂರು ಎತ್ತಿದ. ಅತ್ತಿಗೆ ಮಗಳನ್ನು ಎಡಗಡೆ ಎತ್ತಿಕೊಂಡು ದಂಡೆಯ ಮೇಲೆ ನಿಂತಿದ್ದಳು. ಮಡು ಬರಿದಾಗುತ್ತ ಬಂದು, ಕೊನೆಗೆ ಅಪ್ಪನ ಪಂಪು ಕಂಡಿತು. ನಾನು ಎಸೆದಾಗ ಹಿಡಿಕೆ ಮೇಲೆದ್ದಿತ್ತು ಅಕ್ಕ, ಚೆನ್ನಾಗಿ ನೆನಪಿದೆ. ಈಗ ತಳಮುಟ್ಟ ಒತ್ತಿತ್ತು. ಒಂದು ಗುಳ್ಳೆ ಬಂತು, ಒಡೆಯಿತು. ಇನ್ನೊಂದು ಬರಲಿಲ್ಲ.

ಅತ್ತಿಗೆ ಮಗಳನ್ನು ಎಡದಿಂದ ತೆಗೆದು ಬಲ ಹೆಗಲಿಗೆ ಹಾಕಿಕೊಂಡಳು. ಜನವರಿಯಿಂದ ಇದೇ ಮೊದಲ ಸಲ. ಮನೆಯ ಕಡೆ ನಡೆದಳು.

ನಾನು ಹಿಂದೆ ನಡೆಯುತ್ತಿದ್ದೆ. ತಾಯಿಯ ಹೆಗಲಿಗೆ ಗದ್ದ ಊರಿದ್ದ ಮಗು ನನ್ನನ್ನು ನೋಡಲಿಲ್ಲ. ನನ್ನನ್ನು ದಾಟಿ, ಬರಿದಾದ ಕಾಲುವೆಯ ಕಡೆ ನೋಡಿ ಕೈ ಬೀಸಿತು, ಒಂದೊಂದೇ ಬೆರಳು ಮಡಚಿ. ನಾನು ತಿರುಗಿ ನೋಡಲಿಲ್ಲ. ನಂಬುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಅವಸರ ಮಾಡದೆ, ಅವರ ಹಿಂದೆ ಸಾವಕಾಶ ನಡೆದೆ.

ನಿನ್ನ
ದೇವಕಿ